ಇನ್ನೊಂದಿಷ್ಟು ನೀಲಿ

ಜನವರಿ ೯

ಮಗಳಿಗೆ,

ನೀನು ಕಳಿಸಿದ ಫೋಟೋಗಳು ನಿನ್ನೆ ಬಂದವು. ಫೋನಿಗೆ ಕಳಿಸದೆ, ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದ್ದೊಂದೇ ನೀನು ಸರಿಯಾಗಿ ಮಾಡಿದ ಕೆಲಸ. ಫೋನಿನ ಪರದೆ ಎಲ್ಲರನ್ನೂ ಹೊಗಳುತ್ತದೆ. ಕಾಗದ ಯಾರ ಮುಲಾಜಿಗೂ ಬೀಳುವುದಿಲ್ಲ.

ಮೊದಲು ಹಕ್ಕಿಯ ವಿಷಯ. ನಿನ್ನ ಕಡಲಕ್ಕಿಯ ಮೈ ಸುಣ್ಣ ಬಳಿದ ಗೋಡೆಯಂತಿದೆ, ಹುಡುಕಿದರೂ ಒಂದು ಗರಿ ಸಿಗುವುದಿಲ್ಲ. ನಡುಹಗಲಲ್ಲಿ, ಸೂರ್ಯನನ್ನು ನೆತ್ತಿಯ ಮೇಲಿಟ್ಟುಕೊಂಡು ಬಿಳಿ ಹಕ್ಕಿಯ ಫೋಟೋ ತೆಗೆಯಲು ನಿನಗೆ ಯಾರು ಹೇಳಿಕೊಟ್ಟರು? ಬೆಳಗಿನ ಹೊತ್ತು ಹೋಗು. ಸೂರ್ಯ ನಿನ್ನ ಬೆನ್ನಿಗಿರಲಿ. ಬೆಳಕನ್ನು ಹಕ್ಕಿಯ ಬಿಳುಪಿಗೆ ಅಳೆದುಕೋ, ಮರಳಿಗಲ್ಲ. ಬಿಳುಪು ಒಮ್ಮೆ ಸುಟ್ಟು ಹೋದರೆ ಆಮೇಲೆ ಯಾವ ಕಂಪ್ಯೂಟರೂ ಅದನ್ನು ವಾಪಸು ತಂದುಕೊಡುವುದಿಲ್ಲ.

ಇನ್ನು ಬಣ್ಣ. ಸಮುದ್ರ ಪೂರ್ತಿ ಮಂಕು. ಚಹಾದಲ್ಲಿ ಅದ್ದಿ ತೆಗೆದು ಒಣಗಿಸಿದ ಹಾಗಿದೆ. ನೀಲಿ ಎಲ್ಲಿ? ಪ್ರೆಸ್ಸಿನಲ್ಲಿ ನಾನು ಬಣ್ಣದ ವಿಭಾಗದಲ್ಲಿದ್ದಷ್ಟು ಕಾಲ ಇಂಥ ಹಾಳೆ ನನ್ನ ಮೇಜು ದಾಟಿ ಹೋಗಿದ್ದಿಲ್ಲ. ಸುಮ್ಮನೆ ನನ್ನನ್ನು ‘ಹದ್ದು’ ಎಂದು ಕರೆಯುತ್ತಿರಲಿಲ್ಲ ಪ್ರೆಸ್ಸಿನವರು.

ನಿನ್ನ ಅಮ್ಮ ನೋಡಿ, ‘ಎಷ್ಟು ಚೆನ್ನಾಗಿದೆ’ ಎಂದಳು. ಅವಳಿಗೆ ಗ್ಯಾಸ್ ಸಿಲಿಂಡರಿನ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ. ಅವಳ ಮಾತು ಕೇಳಿ ಹಿಗ್ಗಬೇಡ.

ನಿನ್ನ ಅಪ್ಪ

ಫೆಬ್ರವರಿ ೧೭

ಅಪ್ಪನಿಗೆ,

ನೀವು ಹೇಳಿದ ಹಾಗೆಯೇ ಮಾಡಿದೆ. ಬಂದರಿನಲ್ಲಿ ನನಗೀಗ ಮಧ್ಯಾಹ್ನದ ಪಾಳಿ. ಊಟದ ಹೊತ್ತಿನಿಂದ ಸಂಜೆಯವರೆಗೆ ಹಡಗುಗಳ ಜೊತೆ ವೈರ್‌ಲೆಸ್ಸಿನಲ್ಲಿ ಮಾತಾಡುತ್ತಾ ಕೂರುವುದು. ಹಾಗಾಗಿ ಬೆಳಗೆಲ್ಲ ನನ್ನದೇ.

ಮರಳಿನ ಮೇಲೆ ಬೋರಲು ಮಲಗಿ ತೆಗೆಯುವುದನ್ನು ಕಲಿತೆ. ನಿಂತರೆ ಹಕ್ಕಿ ಹೆದರುತ್ತದೆ, ಕೂತರೆ ಅನುಮಾನ ಪಡುತ್ತದೆ, ಮಲಗಿದರೆ ಮರೆತೇ ಬಿಡುತ್ತದೆ. ಒಂದು ರೀವ ಹಕ್ಕಿ, ನೆತ್ತಿಯ ಮೇಲೆ ಕರಿ ಟೋಪಿ ಹಾಕಿಕೊಂಡ ಹಾಗಿರುತ್ತದಲ್ಲ ಅದು, ಕೊಕ್ಕಿನಲ್ಲಿ ಮೀನು ಹಿಡಿದು ನನ್ನ ಮೊಣಕೈ ಪಕ್ಕದಲ್ಲೇ ನಡೆದು ಹೋಯಿತು. ಉಸಿರು ಬಿಗಿಹಿಡಿದಿದ್ದೆ. ಬಾಯಿತುಂಬ ಮರಳು. ಗಾಳಿ ಬರುವ ಕಡೆಗೆ ಮುಖ ಮಾಡಿಯೇ ಅವು ಹಾರುವುದು ಎನ್ನುವುದೂ ಈಗ ಗೊತ್ತಾಗಿದೆ. ಗಾಳಿ ನನ್ನ ಬೆನ್ನಿಗಿದ್ದರೆ ನನ್ನ ಕಡೆಗೇ ಬರುತ್ತವೆ.

ಈ ಸಲ ಗರಿ ಒಂದೊಂದೂ ಕಾಣುತ್ತದೆ, ನೋಡಿ.

ನೀಲಿಯ ಬಗ್ಗೆ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಇಲ್ಲಿ ಬೆಳಗಿನ ಸಮುದ್ರ ಅಷ್ಟೇನೂ ನೀಲಿಯಿರುವುದಿಲ್ಲ. ಬೂದಿಗೆ ಒಂದು ತೊಟ್ಟು ಹಸಿರು ಬಿದ್ದ ಹಾಗಿರುತ್ತದೆ. ಪ್ರಿಂಟನ್ನು ತೀರಕ್ಕೇ ಒಯ್ದು ನೀರಿನ ಪಕ್ಕ ಹಿಡಿದು ನೋಡಿದೆ. ನನಗೆ ಎರಡೂ ಒಂದೇ ಥರ ಕಂಡವು. ತಪ್ಪಿದ್ದರೆ ತಿದ್ದಿ.

ಅಮ್ಮನನ್ನು ಕೇಳಿದೆನೆಂದು ಹೇಳಿ.

ನಿಮ್ಮ ಮಗಳು

ಮಾರ್ಚ್ ೪

ಮಗಳಿಗೆ,

ಗರಿ ಬಂದಿದೆ, ಒಪ್ಪಿದೆ. ಹೇಳಿದ್ದನ್ನು ಮಾಡುವ ಬುದ್ಧಿಯಾದರೂ ಇದೆ.

ಆದರೆ ‘ನನಗೆ ಒಂದೇ ಥರ ಕಂಡವು’ ಎಂದು ಬರೆದಿದ್ದೀಯಲ್ಲ, ಅದೇ ನಿನ್ನ ರೋಗ. ನಿನಗೆ ಕಾಣುವುದೇ ಇಲ್ಲ. ಶಾಲೆಯಲ್ಲಿ ಬಹುಮಾನ ಬಂತೆಂದು ಒಂದು ಮರದ ಚಿತ್ರ ಹಿಡಿದು ಕುಣಿಯುತ್ತಾ ಬಂದಿದ್ದೆ, ನೆನಪಿದೆಯಾ? ‘ಹದ್ದಿನ ಮಗಳು ಬರೆದದ್ದು ಅಂತ ಯಾರಿಗೂ ಹೇಳಬೇಡ’ ಎಂದಿದ್ದೆ ನಾನು. ಅವತ್ತು ನೀನು ಅತ್ತುಬಿಟ್ಟೆ. ಅಳುವ ಬದಲು ಆ ಎಲೆಗಳನ್ನು ಇನ್ನೊಮ್ಮೆ ನೋಡಿದ್ದರೆ ಇವತ್ತು ಈ ಪತ್ರ ಬರೆಯುವ ಕಷ್ಟ ನನಗೆ ತಪ್ಪುತ್ತಿತ್ತು. ಕೆಲವರಿಗೆ ಕಣ್ಣಿರುತ್ತದೆ, ಕೆಲವರಿಗೆ ಬರೀ ರೆಪ್ಪೆ.

ನೀಲಿ ಏರಿಸು. ಅಂಜಬೇಡ, ಚೆನ್ನಾಗಿ ಏರಿಸು. ಹಳದಿ ತೆಗೆ. ಹಕ್ಕಿಯ ನೆರಳಿನಲ್ಲೂ ನೀಲಿ ಬರಬೇಕು. ನೋಡಿದವರಿಗೆ ಸಹಜ ಅನ್ನಿಸಬೇಕು, ಆದರೆ ಕಣ್ಣಿಗೆ ತಂಪು ಹೊಡೆಯಬೇಕು. ಆಮೇಲೆ ನಾಲ್ಕು ಜನ ಬಲ್ಲವರ ಮುಂದೆ ಇಡು. ನಾನು ಹೇಳಿದ್ದು ಸರಿಯೋ ತಪ್ಪೋ ಅವರೇ ಹೇಳಲಿ.

ನಿನ್ನ ಅಪ್ಪ

ಏಪ್ರಿಲ್ ೨೨

ಅಪ್ಪನಿಗೆ,

ಬಲ್ಲವರ ಮುಂದೆ ಇಟ್ಟೆ.

ಇಲ್ಲಿನ ಗ್ರಂಥಾಲಯದ ಸಭಾಂಗಣದಲ್ಲಿ ಫೋಟೋ ತೆಗೆಯುವವರು ತಿಂಗಳಿಗೊಮ್ಮೆ ಸೇರುತ್ತಾರೆ. ಈ ಸಲ ವನ್ಯಜೀವಿ ಪತ್ರಿಕೆಯ ಸಂಪಾದಕರೊಬ್ಬರು ಬಂದಿದ್ದರು. ಗಂಟಲು ದೊಡ್ಡದು, ಹೆಸರೂ ದೊಡ್ಡದು. ಚೆನ್ನಾಗಿದ್ದುದನ್ನು ಪತ್ರಿಕೆಗೆ ಆರಿಸಿಕೊಳ್ಳುತ್ತಾರೆಂದು ಎಲ್ಲರೂ ಗೋಡೆಗೆ ಪ್ರಿಂಟ್ ತೂಗುಹಾಕಿದ್ದೆವು. ನೀವು ಹೇಳಿದಷ್ಟೇ ನೀಲಿ ಏರಿಸಿದ್ದೆ, ಹಳದಿ ತೆಗೆದಿದ್ದೆ.

ಅವರು ನನ್ನದರ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದೇನಮ್ಮ, ಹಕ್ಕೀನಾ ಅಥವಾ ಟೂತ್‌ಪೇಸ್ಟಿನ ಜಾಹೀರಾತಾ?”

ಜನ ನಕ್ಕರು. ಅಷ್ಟಕ್ಕೆ ಬಿಡಬಹುದಿತ್ತು. “ಎಲ್ಲರೂ ಬನ್ನಿ, ನೋಡಿ. ಹೀಗೆ ಮಾಡ್ಬಾರ್ದು ಅಂತ ತೋರ್ಸೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ” ಎಂದು ಎಲ್ಲರನ್ನೂ ಕರೆದು ಸುತ್ತ ನಿಲ್ಲಿಸಿದರು. ನನ್ನನ್ನು ಪ್ರಿಂಟಿನ ಪಕ್ಕದಲ್ಲೇ ನಿಲ್ಲಿಸಿಕೊಂಡು ಬೆರಳಿಟ್ಟು ತೋರಿಸುತ್ತಾ ಹೋದರು. ನೆರಳು ಶಾಯಿಯಂತೆ, ಹಕ್ಕಿಯ ಹೊಟ್ಟೆ ಬಟ್ಟೆಗೆ ಹಾಕುವ ನೀಲಿಯಂತೆ. ಕೊನೆಗೆ, “ಹಕ್ಕಿಯನ್ನ ಹಿಡಿದಿರೋ ರೀತಿ ಎಷ್ಟು ಚೆನ್ನಾಗಿದೆ ಗೊತ್ತಾ? ಕೈಯಾರೆ ಹಾಳು ಮಾಡ್ಕೊಂಡಿದ್ದೀರಿ. ಯಾರು ಹೇಳಿದ್ದು ಹೀಗೆ ಮಾಡಿ ಅಂತ?” ಎಂದು ಕೇಳಿದರು.

“ಯಾರೂ ಇಲ್ಲ ಸರ್. ನಾನೇ” ಎಂದೆ.

ಅಂದಿನಿಂದ ನನಗಲ್ಲಿ ‘ನೀಲಿ ಮೇಡಂ’ ಎಂದು ಹೆಸರು. ಕಳೆದ ವಾರ ಬಂದರಿನ ಕಚೇರಿಯಲ್ಲೂ ಒಬ್ಬರು ಕರೆದರು. ಅಷ್ಟು ದೂರ ಹೇಗೆ ಮುಟ್ಟಿತೋ.

ಅಪ್ಪಾ, ನಾನು ಎಲ್ಲಿ ತಪ್ಪಿದೆ? ನೀವು ಹೇಳಿದ್ದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲವೇ?

ನಿಮ್ಮ ಮಗಳು

ಮೇ ೧೧

ಮಗಳಿಗೆ,

ನನ್ನ ಹೆಸರು ಹೇಳದೆ ಒಳ್ಳೆಯದು ಮಾಡಿದೆ. ನಿನ್ನ ಕೈಯಲ್ಲಿ ಕೆಟ್ಟದ್ದಕ್ಕೆ ನನ್ನ ಹೆಸರು ಯಾಕೆ ಹಾಳಾಗಬೇಕು? ಉಪ್ಪು ಹಾಕು ಅಂದರೆ ಕೆಲವರು ಡಬ್ಬಿಯನ್ನೇ ಬೋರಲು ಹಾಕುತ್ತಾರೆ. ಆ ಸಂಪಾದಕನೂ ಅಷ್ಟಕ್ಕಷ್ಟೆ ಇರಬೇಕು ಬಿಡು, ಗಂಟಲಿದ್ದವರೆಲ್ಲ ಬಣ್ಣ ಬಲ್ಲವರಲ್ಲ. ನೀಲಿ ಮೇಡಂ! ಓದಿ ನಗು ತಡೆಯಲಾಗಲಿಲ್ಲ. ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು ನಗಲಿಲ್ಲ, ಅವಳಿಗೆ ತಮಾಷೆ ತಿಳಿಯುವುದು ತಡ.

ಈಗ ಮುಖ್ಯ ವಿಷಯ. ಪ್ರೆಸ್ಸಿಗೆ ಬರುವ ವರ್ಷ ಐವತ್ತು ತುಂಬುತ್ತದೆ. ಯಜಮಾನರು ಮನೆಗೇ ಬಂದಿದ್ದರು. ದೊಡ್ಡ ಅಳತೆಯ ಕ್ಯಾಲೆಂಡರ್ ತರಬೇಕಂತೆ, ಬಣ್ಣ ನಾನೇ ನೋಡಬೇಕಂತೆ. “ನೀವು ಸೈ ಅಂದ ಹಾಳೆಯನ್ನ ನಾನು ನೋಡೋದೂ ಇಲ್ಲ, ನೇರ ಮಷಿನ್‌ಗೆ ಹೋಗ್ಲಿ” ಅಂದರು. ಕಡಲ ಹಕ್ಕಿಗಳನ್ನು ಹಾಕೋಣ, ಚಿತ್ರಗಳು ನನ್ನ ಮಗಳ ಹತ್ತಿರ ಇವೆ ಎಂದೆ.

ನಿನ್ನ ಮೂಲ ಚಿತ್ರಗಳನ್ನು ಕಳಿಸು. ನೀನು ಕೈ ಹಾಕಿರದಂಥವು. ಬಣ್ಣ ಅಂದರೆ ಏನೆಂದು ತೋರಿಸುತ್ತೇನೆ.

ನಿನ್ನ ಅಪ್ಪ

ಜೂನ್ ೨೯

ಚಿನ್ನಾ,

ನಿನ್ನ ಅಪ್ಪ ಪ್ರೆಸ್ಸಿಗೆ ಹೋಗಿದ್ದಾರೆ. ಬರುವುದರೊಳಗೆ ಬರೆದು ಅಂಚೆ ಡಬ್ಬಿಗೆ ಹಾಕಬೇಕು, ಅದಕ್ಕೇ ಅಕ್ಷರ ಹೀಗಿದೆ.

ಅಪ್ಪನ ಕಣ್ಣು ಸರಿಯಿಲ್ಲ. ಹೋದ ತಿಂಗಳು ಹೊಸ ಬಿಳಿ ಹಾಸಿಗೆ ಬಟ್ಟೆ ತಂದು ಹಾಸಿದೆ. “ಈ ಹಳದಿ ಬಟ್ಟೆ ಯಾಕೆ ತಂದೆ?” ಅಂದರು. ತಮಾಷೆ ಅಂದುಕೊಂಡೆ. ಒಂದು ದಿನ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಡು ನೀಲಿ ಕಾಲುಚೀಲ ಹಾಕಿಕೊಂಡು ಹೊರಟರು. ಎದುರಿನಿಂದ ಬರುವ ಗಾಡಿಯ ದೀಪಕ್ಕೆ ಮುಖ ತಿರುಗಿಸುತ್ತಾರೆ.

ಮೊನ್ನೆ ಪ್ರೆಸ್ಸಿನಿಂದ ಮಷಿನ್ ನೋಡಿಕೊಳ್ಳುವವರು ಬಂದಿದ್ದರು. ಅಪ್ಪ ಇಲ್ಲದ ಹೊತ್ತು ನೋಡಿಯೇ ಬಂದಿದ್ದು. “ಅಕ್ಕಾ, ಸರ್ ನೀಲಿ ಮೇಲೆ ನೀಲಿ ಹಾಕಿಸ್ತಿದ್ದಾರೆ. ಹಕ್ಕಿಗಳು ಹಕ್ಕಿ ಥರ ಇಲ್ಲ. ಒಂದ್ಸಲ ಬಾಯಿಬಿಟ್ಟೆ, ‘ನೀನು ಹುಟ್ಟೋಕೆ ಮುಂಚೆಯಿಂದ ಬಣ್ಣ ನೋಡ್ತಿದ್ದೀನಿ’ ಅಂತ ಎಲ್ಲರೆದುರು ಬೈದ್ರು. ಯಜಮಾನ್ರಂತೂ ಸರ್ ಮಾತೇ ಕೊನೇದು ಅಂದ್ಬಿಟ್ಟಿದ್ದಾರೆ. ನಮಗ್ಯಾಕೆ ಅಂತ ಎಲ್ಲರೂ ಸುಮ್ನಿದ್ದಾರೆ” ಅಂದರು.

ನಾನು ಡಾಕ್ಟರ ಮಾತೆತ್ತಿದೆ. ಆ ರಾತ್ರಿ ಊಟ ಬಿಟ್ಟರು. ನನ್ನ ಬಾಯಲ್ಲಿ ಬಂದರೆ ಅದು ಪೆದ್ದ ಮಾತು, ನಿನಗೆ ಗೊತ್ತಲ್ಲ. ನೀನು ಹೇಳು. ಬೈಯುತ್ತಾರೆ, ಹಾರಾಡುತ್ತಾರೆ, ಆದರೆ ನಿನ್ನ ಪತ್ರವನ್ನು ಎರಡೆರಡು ಸಲ ಓದುತ್ತಾರೆ. ನಾನು ನೋಡಿದ್ದೇನೆ.

ಅಮ್ಮ

ಜುಲೈ ೮

ಅಮ್ಮಾ,

ನಾನು ಹೇಳುತ್ತೇನೆ. ಸಮಯ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಮತ್ತೆ ಡಾಕ್ಟರ ಮಾತು ಎತ್ತಬೇಡ, ಸುಮ್ಮನೆ ಬೈಸಿಕೊಳ್ಳುತ್ತೀಯ. ಪ್ರೆಸ್ಸಿನವರಿಗೂ ಹಾಗೇ ಹೇಳು, ಮಗಳು ನೋಡಿಕೊಳ್ಳುತ್ತಾಳೆ ಎಂದು.

ನಾನೂ ಅನುಮಾನ ಪಟ್ಟಿದ್ದೆ. ನನಗೆ ಕಣ್ಣಿಲ್ಲ ಎಂದು ಅಪ್ಪ ಬರೆದ ಪತ್ರಗಳೆಲ್ಲ ಇಲ್ಲೇ ಇವೆ. ನಿನ್ನ ಪತ್ರ ಓದಿದ ಮೇಲೆ ಅವನ್ನು ತೆಗೆದು ಇನ್ನೊಮ್ಮೆ ಓದಿದೆ.

ನಿನ್ನ ಮೊಣಕಾಲು ನೋವು ಹೇಗಿದೆ?

ಚಿನ್ನ

ಸೆಪ್ಟೆಂಬರ್ ೫

ಮಗಳಿಗೆ,

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಕ್ಯಾಲೆಂಡರಿನ ಐದನೆಯ ಹಾಳೆಯ ಕರಡು, ಅಲೆಯ ಅಂಚಿನಲ್ಲಿ ಕಡಲಕ್ಕಿಗಳ ಗುಂಪು ನಿಂತಿರುವುದು. ಉಳಿದವಕ್ಕೆಲ್ಲ ಸೈ ಹಾಕಿ ಆಯಿತು. ಇದೊಂದು ನನ್ನನ್ನು ಕಾಡುತ್ತಿದೆ.

ನಿನ್ನನ್ನು ಕೇಳಬೇಕಾದ ಅಗತ್ಯವೇನೂ ಇಲ್ಲ. ಆದರೂ, ಸಮುದ್ರವನ್ನು ದಿನಾ ನೋಡುವವಳು ನೀನು. ನಾನು ನೋಡಿ ವರ್ಷಗಳಾದವು. ಎಷ್ಟು ನೀಲಿ ಕೊಟ್ಟರೂ ಒಂದು ಗಳಿಗೆ ಸಾಲದು ಅನ್ನಿಸುತ್ತದೆ, ಇನ್ನೊಂದು ಗಳಿಗೆ ಅತಿಯಾಯಿತೇನೋ ಅನ್ನಿಸುತ್ತದೆ. ಪ್ರೆಸ್ಸಿನ ದೀಪಗಳು ಮೊದಲಿನ ಹಾಗಿಲ್ಲ, ಸುತ್ತ ಬಳೆಯಂತೆ ಹರಡಿಕೊಳ್ಳುತ್ತವೆ. ಅದರದ್ದೇ ತೊಂದರೆ ಇರಬೇಕು.

ಸಾಕಾ, ಇನ್ನೂ ಬೇಕಾ? ಅಷ್ಟು ಬರೆದು ಕಳಿಸು. ನೀನು ಹೇಳಿದ ಹಾಗೆ ಮಾಡುತ್ತೇನೆ. ಇದನ್ನು ಅಲ್ಲಿ ಇಲ್ಲಿ ಹೇಳಿಕೊಂಡು ಓಡಾಡಬೇಡ.

ನಿನ್ನ ಅಪ್ಪ

ಸೆಪ್ಟೆಂಬರ್ ೧೪

ಅಪ್ಪನಿಗೆ,

ಹಾಳೆ ಬಂತು. ಮೊದಲು ಕಿಟಕಿಯ ಬೆಳಕಿನಲ್ಲಿ ನೋಡಿದೆ. ಬೆಳಿಗ್ಗೆ ತೀರಕ್ಕೆ ಒಯ್ದು, ಹಕ್ಕಿಗಳು ನಿಲ್ಲುವ ಜಾಗದಲ್ಲೇ ನಿಂತು, ನೀರಿನ ಪಕ್ಕ ಹಿಡಿದು ನೋಡಿದೆ. ಅವಸರ ಮಾಡಲಿಲ್ಲ.

ಇನ್ನೊಂದಿಷ್ಟು ನೀಲಿ ಬೇಕು.

ನಿಮಗೆ ಸಾಲದು ಅನ್ನಿಸಿದ್ದೇ ಸರಿ. ಅತಿಯಾಯಿತೇನೋ ಅನ್ನುವುದು ಬರೀ ಅಳುಕು. ಅಂಜಬೇಡಿ, ಚೆನ್ನಾಗಿ ಏರಿಸಿ. ಬೇರೆ ಯಾರನ್ನೂ ಕೇಳಬೇಡಿ, ಹತ್ತು ಜನರ ಕಣ್ಣು ಸೇರಿದರೆ ಬಣ್ಣ ಕೆಡುತ್ತದೆ. ನಿಮ್ಮ ಕಣ್ಣೊಂದೇ ಸಾಕು.

ಮೊದಲ ಪುಟದಲ್ಲಿ ‘ಬಣ್ಣ’ ಎಂದು ಬರೆದು ನಿಮ್ಮ ಹೆಸರು ದೊಡ್ಡದಾಗಿ ಹಾಕಿಸಿ. ನನ್ನ ಹೆಸರು ಬೇಡ.

ನಿಮ್ಮ ಮಗಳು

ಡಿಸೆಂಬರ್ ೨೧

ಚಿನ್ನಾ,

ಕ್ಯಾಲೆಂಡರ್ ಬಿಡುಗಡೆ ಆಯಿತು. ನೀನು ಬರಲಿಲ್ಲ. ರಜೆ ಸಿಗಲಿಲ್ಲ ಅಂದೆ. ಏನಾಯಿತೆಂದು ನಾನೇ ಹೇಳುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರಬೇಕು.

ಪ್ರೆಸ್ಸಿನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಹಳಬರು, ಹೊಸಬರು, ಅವರವರ ಮನೆಯವರು, ಎಲ್ಲ ಬಂದಿದ್ದರು. ನಿನ್ನ ಅಪ್ಪ ಹೊಸ ಕೋಟು ಹಾಕಿಕೊಂಡಿದ್ದರು. ಗೋಡೆಯ ಮೇಲೆ ಹಾಳೆಗಳನ್ನೆಲ್ಲ ಸಾಲಾಗಿ ಅಂಟಿಸಿ ಪರದೆ ಮುಚ್ಚಿದ್ದರು. ಯಜಮಾನರು ನಾಲ್ಕು ಒಳ್ಳೆಯ ಮಾತಾಡಿ, “ನಮ್ಮ ಹದ್ದಿನ ಕಣ್ಣಿಂದ ತಪ್ಪಿಸ್ಕೊಂಡ ಬಣ್ಣ ಇಲ್ಲ” ಅಂತ ಪರದೆ ಎಳೆದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಈಗ ತಟ್ಟುತ್ತಾರೆ ಅಂತ ನಿನ್ನ ಅಪ್ಪ ನಗುಮುಖ ಮಾಡಿಕೊಂಡೇ ನಿಂತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಂದು ಮಗು, “ಅಮ್ಮಾ, ಹಕ್ಕಿ ಯಾಕೆ ನೀಲಿ?” ಅಂತ ಜೋರಾಗಿ ಕೇಳಿತು. ಒಬ್ಬರು ನಕ್ಕರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಐದನೆಯ ಹಾಳೆಯಲ್ಲಿ ಹಕ್ಕಿ ಯಾವುದು, ಸಮುದ್ರ ಯಾವುದು ಅಂತ ನನಗೂ ತಿಳಿಯಲಿಲ್ಲ. ನಿನ್ನ ಅಪ್ಪನ ಕೈಕೆಳಗೆ ಬೈಸಿಕೊಂಡು ಬೆಳೆದವರೊಬ್ಬರು ಹಿಂದಿನಿಂದ, “ಹದ್ದಿಗೆ ಕನ್ನಡಕ ಹಾಕ್ಸ್ರಪ್ಪಾ” ಅಂತ ಕೂಗಿದರು.

ಯಜಮಾನರು ಮೆಲ್ಲಗೆ ಹತ್ತಿರ ಬಂದು, “ಇದೇನ್ ಮಾಡ್ಬಿಟ್ರಿ?” ಅಂದರು.

“ಯಾಕೆ? ಏನಾಗಿದೆ?” ಅಂದರು ಇವರು. ಆ ಪ್ರಶ್ನೆ ಕೇಳಿ ಯಜಮಾನರ ಮುಖ ಬದಲಾಯಿತು. ಇವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು, ಪರದೆಯನ್ನು ಯಾರೋ ಮತ್ತೆ ಎಳೆದರು.

ಮನೆಗೆ ಬಂದು ಕೋಟನ್ನೂ ಬಿಚ್ಚದೆ ಹಾಳೆಗಳನ್ನೆಲ್ಲ ನೆಲದ ಮೇಲೆ ಹಾಸಿದರು. ನನ್ನನ್ನು ಕರೆದು ಒಂದೊಂದಕ್ಕೂ ಬೆರಳಿಟ್ಟು ಕೇಳಿದರು.

“ಇದು ಯಾವ ಬಣ್ಣ?”

“ನೀಲಿ.”

“ಇದು?”

“ಅದೂ ನೀಲಿನೇ ರೀ.”

“ಹಕ್ಕಿ ಹೊಟ್ಟೆ ಬಿಳಿ ಅಲ್ವಾ?”

“ಅಲ್ಲ.”

ಆಮೇಲೆ ಏನಂದರು ಗೊತ್ತಾ? ತಮ್ಮ ಮಾನದ ಮಾತಾಡಲಿಲ್ಲ. “ಪಾಪ, ಮಗು ಮರಳಲ್ಲಿ ಹೊರಳಾಡಿ ತೆಗೆದ ಹಕ್ಕಿಗಳು. ನಾನು ಹಾಳು ಮಾಡ್ಬಿಟ್ಟೆನಲ್ಲೇ. ಅವಳಿಗೆ ಹ್ಯಾಗೆ ಮುಖ ತೋರಿಸ್ಲಿ?” ಅಂದರು. ಅವರ ಬಾಯಲ್ಲಿ ನಿನ್ನನ್ನು ‘ಮಗು’ ಅಂತ ನಾನು ಕೇಳಿದ್ದು ನೀನು ತೊಟ್ಟಿಲಲ್ಲಿದ್ದಾಗ.

ನೀನು ಹೇಳುತ್ತೀನಿ ಅಂದಿದ್ದೆ. ನಿನ್ನನ್ನು ನಂಬಿ ನಾನೂ ಬಾಯಿ ಮುಚ್ಚಿಕೊಂಡೆ, ಪ್ರೆಸ್ಸಿನವರ ಬಾಯನ್ನೂ ಮುಚ್ಚಿಸಿದೆ. ನಿನ್ನ ಅಪ್ಪ ಒರಟರು, ಅವರ ಜೊತೆ ಬಾಳಿದವಳು ನಾನು, ನನಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಅವರು ಚುಚ್ಚುವಾಗ ಎದುರಿಗೆ ನಿಂತು ಚುಚ್ಚುತ್ತಿದ್ದರು.

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದಿದ್ದಾರೆ. ಆಪರೇಷನ್ ಆದರೆ ಸರಿಹೋಗುತ್ತದಂತೆ. ನಾನು ಅವರಿಗೆ ಏನೂ ಹೇಳಿಲ್ಲ.

ಅಮ್ಮ

ಫೆಬ್ರವರಿ ೧೩

ಅಪ್ಪನಿಗೆ,

ಒಂದು ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಅಮ್ಮ ಬರೆದಿದ್ದಾಳೆ. ಧೂಳಿಗೆ ಹೋಗಬೇಡಿ, ಹೊತ್ತಿಗೆ ಸರಿಯಾಗಿ ಔಷಧಿ ಬಿಟ್ಟುಕೊಳ್ಳಿ.

ಇಲ್ಲಿ ಗಾಳಿ ಜೋರಾಗಿದೆ. ರೀವಗಳು ಹಾರಲಾಗದೆ ಮರಳಿಗೆ ಅಂಟಿಕೊಂಡು ಕೂತಿವೆ. ನಿನ್ನೆ ಹೋಗಿದ್ದೆ, ಕ್ಯಾಮೆರಾ ಚೀಲದಿಂದ ತೆಗೆಯಲಿಲ್ಲ.

ಬರೆಯಬೇಕಾದ್ದು ಇನ್ನೂ ಇದೆ. ಎಷ್ಟೋ ಸಲ ಕೂತೆ, ಬರೆಯಲು ಆಗುತ್ತಿಲ್ಲ. ಎದುರಿಗೆ ಬಂದರೆ ಹೇಳಬಲ್ಲೆನೇನೋ. ರಜೆ ಹಾಕಿ ನಾನು ಬರಲಾ ಅಪ್ಪಾ?

ನಿಮ್ಮ ಮಗಳು

ಮಾರ್ಚ್ ೨

ಮಾನ್ಯರೇ,

ತಮ್ಮ ಪತ್ರ ತಲುಪಿತು. ವಿಚಾರಿಸಿದ್ದಕ್ಕೆ ಕೃತಜ್ಞತೆಗಳು.

ಬಲಗಣ್ಣು ವಾಸಿಯಾಗಿದೆ, ಎಡಗಣ್ಣಿನದು ಬಾಕಿ ಇದೆ. ಹಾಗಾಗಿ ಸದ್ಯ ನನ್ನಲ್ಲಿ ಎರಡೂ ಉಂಟು. ಎಡಗಣ್ಣು ಮುಚ್ಚಿದರೆ ಗೋಡೆ ಬಿಳಿ. ಬಲಗಣ್ಣು ಮುಚ್ಚಿದರೆ ಅದೇ ಗೋಡೆ ಹಳೆಯ ಕಾಗದದ ಬಣ್ಣಕ್ಕೆ ತಿರುಗುತ್ತದೆ. ಇಡೀ ದಿನ ಇದನ್ನೇ ಮಾಡುತ್ತಾ ಕೂರುತ್ತೇನೆ, ಬೇರೆ ಕೆಲಸವಿಲ್ಲ.

ತಾವು ಕಳಿಸಿದ್ದ ಚಿತ್ರಗಳನ್ನೆಲ್ಲ ಬಲಗಣ್ಣಿನಿಂದ ನೋಡಿದೆ. ಬಣ್ಣ ಸರಿಯಾಗಿದೆ. ಬೂದಿಗೆ ಒಂದು ತೊಟ್ಟು ಹಸಿರು ಬಿದ್ದ ಹಾಗೆ ಎಂದು ಬರೆದಿದ್ದಿರಿ, ಹಾಗೆಯೇ ಇದೆ. ಎಲ್ಲಿಯೂ ಒಂದು ಎಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಮೇಲೆ ಐದನೆಯ ಹಾಳೆಯ ಕರಡನ್ನು ನೋಡಿದೆ. ಅದರ ಒಂದು ಪ್ರತಿ ನನ್ನಲ್ಲಿಯೂ ಇತ್ತು. ಅದನ್ನು ಕೈಯಲ್ಲಿ ಹಿಡಿದು, ಹಗಲು ಬೆಳಕಿನಲ್ಲಿ, ಸಮುದ್ರದ ಪಕ್ಕ ನಿಂತು, ಅವಸರ ಮಾಡದೆ ನೋಡಿದವರಿಗೆ ಅದು ಏನೆಂದು ತಿಳಿಯದೆ ಇರಲು ಸಾಧ್ಯವಿಲ್ಲ. ತಮ್ಮ ತಾಯಿಯವರನ್ನು ನಾನು ಏನೂ ಕೇಳಲಿಲ್ಲ. ಕೇಳುವ ಅಗತ್ಯ ಬೀಳಲಿಲ್ಲ.

ತಮಗೆ ಕಣ್ಣಿದೆ. ನನ್ನ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಇದ್ದದ್ದಕ್ಕಿಂತಲೂ ಒಳ್ಳೆಯ ಕಣ್ಣು. ಈ ಮಾತನ್ನು ನನ್ನ ಬಾಯಿಂದ ಕೇಳಬೇಕೆಂದು ತಾವು ಚಿಕ್ಕಂದಿನಿಂದ ಕಾದಿದ್ದಿರಿ. ಬರೆದು ಕೊಟ್ಟಿದ್ದೇನೆ, ಇಟ್ಟುಕೊಳ್ಳಿ.

ಬರಲೇ ಎಂದು ಕೇಳಿದ್ದೀರಿ. ಇದು ತಮ್ಮ ತಾಯಿಯವರ ಮನೆ. ಅವರನ್ನು ನೋಡಲು ಯಾವಾಗ ಬೇಕಾದರೂ ಬರಬಹುದು. ಬರುವ ದಿನ ಮೊದಲೇ ತಿಳಿಸಿದರೆ ನಾನು ಹೊರಗೆ ಹೋಗಿರುತ್ತೇನೆ.

ನಮಸ್ಕಾರಗಳೊಂದಿಗೆ,
ಬಣ್ಣ ವಿಭಾಗದ ಮುಖ್ಯಸ್ಥ (ನಿವೃತ್ತ)